ಸರಸ್ವತಿಪುರಂನಲ್ಲಿ ನಾಲ್ಕು ಭಾನುವಾರ: ಅಳಗುಳಿ ಮಣೆ ಇಟ್ಟು ಕಲಿಸಿದ ಕ್ಯಾನ್ಸರ್ ಗಣಿತ

ಮೊದಲು ಬೇಕಾದ ವಿವರ ಹೇಳಿಬಿಡುತ್ತೇನೆ. ತರಗತಿ ನಡೆಯುವುದು ಮೈಸೂರಿನ ಸರಸ್ವತಿಪುರಂನ ಒಂದು ಮನೆಯ ಮಹಡಿಯಲ್ಲಿ. ನಾಲ್ಕು ಭಾನುವಾರ, ಬೆಳಿಗ್ಗೆ ಹತ್ತರಿಂದ ಒಂದು ಗಂಟೆ. ಫೀಸು 800 ರೂಪಾಯಿ, ಕಾಫಿ ತಿಂಡಿ ಅದರಲ್ಲೇ. ಹದಿನಾರು ಜನಕ್ಕೆ ಮಾತ್ರ ಜಾಗ. ಕಲಿಸುವವರು ಗಣಿತದ ನಿವೃತ್ತ ಮೇಷ್ಟ್ರು. ಜೊತೆಗೆ ಅವರ ಸೊಸೆ ಇರುತ್ತಾರೆ, ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವರು. ವಿಷಯ ಇಷ್ಟು: ಕ್ಯಾನ್ಸರ್ ಇನ್ನೂ ಶುರುವಾಗುತ್ತಿರುವಾಗಲೇ ಗಡ್ಡೆಯೊಳಗಿನ ಕೋಶಗಳು ಒಂದಕ್ಕಿಂತ ಒಂದು ಹೇಗೆ ಬೇರೆಯಾಗುತ್ತವೆ, ಆ ಬೇರೆತನವನ್ನು ಗಣಿತದಲ್ಲಿ ಹಿಡಿಯುವುದು ಹೇಗೆ.

ನಾನು ಮಂಡ್ಯದಲ್ಲಿ ಪಿಯು ಮಕ್ಕಳಿಗೆ ಗಣಿತ ಪಾಠ ಮಾಡುತ್ತೇನೆ. ಹತ್ತನೇ ಕ್ಲಾಸಿನ ಆಮೇಲೆ ಜೀವಶಾಸ್ತ್ರ ಮುಟ್ಟಿಲ್ಲ. ಆದರೂ ನಾಲ್ಕು ವಾರ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಹೋದೆ. ಕಾರಣ ನಮ್ಮಪ್ಪ. ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು. ಕೀಮೋ ಕೊಟ್ಟಾಗ ಗಡ್ಡೆ ಚೆನ್ನಾಗಿ ಕರಗಿತು. ಸ್ಕ್ಯಾನ್ ನೋಡಿ ಮನೆಯಲ್ಲಿ ಎಲ್ಲರೂ ಅತ್ತುಬಿಟ್ಟೆವು, ಅಷ್ಟು ಸಂತೋಷ. ಒಂಬತ್ತು ತಿಂಗಳಿಗೆ ಮತ್ತೆ ಬಂತು. ಈ ಸಲ ಅದೇ ಔಷಧಿ ಏನೂ ಮಾಡಲಿಲ್ಲ. ಅಪ್ಪ ಹೋಗಿ ಮೂರು ವರ್ಷವಾಯಿತು.

ಆ ಒಂಬತ್ತು ತಿಂಗಳಲ್ಲಿ ಅಪ್ಪ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಹುರುಳಿಕಾಳಿನ ಬಸ್ಸಾರು, ಮುದ್ದೆ. ಅವ್ವ ಮಾಡಿಕೊಟ್ಟಳು. ಆಮೇಲೆ ನಮ್ಮ ಅತ್ತೆ, ಅಪ್ಪನ ಅಕ್ಕ, ತಿಥಿಯ ದಿನ ಎಲ್ಲರ ಮುಂದೆ ಅಂದರು: "ಹುರುಳಿ ಉಷ್ಣ. ಅದನ್ನ ತಿನ್ನಿಸಿದ್ದಕ್ಕೇ ತಿರುಗಿ ಬಂತು." ಅವತ್ತಿನಿಂದ ಅವ್ವ ಹುರುಳಿ ಡಬ್ಬ ಮುಟ್ಟಿಲ್ಲ. ಒಂದೇ ಗಡ್ಡೆ, ಒಂದೇ ಔಷಧಿ, ಅರ್ಧ ಸತ್ತು ಅರ್ಧ ಯಾಕೆ ಉಳಿಯಿತು? ಇದನ್ನು ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲಿ ಎರಡು ಸಲ ಕೇಳಿದೆ. "ಕೆಲವರಿಗೆ ಹಾಗಾಗುತ್ತೆ" ಅನ್ನುವಷ್ಟೇ ಉತ್ತರ. ಆ ಪ್ರಶ್ನೆ ಹಿಡಿದುಕೊಂಡೇ ಈ ತರಗತಿಗೆ ಹೋದದ್ದು. ಆದ್ದರಿಂದ ನನ್ನ ವಿಮರ್ಶೆಯನ್ನು ಹಾಗೆಯೇ ಓದಿಕೊಳ್ಳಿ.

ಮೊದಲ ಭಾನುವಾರ ಮಹಡಿ ಹತ್ತಿದರೆ ಎಂಟು ಅಳಗುಳಿ ಮಣೆ, ಇಬ್ಬರಿಗೆ ಒಂದರಂತೆ. ಒಂದೊಂದರಲ್ಲಿ ಹದಿನಾಲ್ಕು ಗುಳಿ. ಹದಿಮೂರು ಗುಳಿಗೆ ಒಂದೊಂದು ಹುಣಸೆ ಬೀಜ, ಉಳಿದ ಒಂದಕ್ಕೆ ಗುಲಗಂಜಿ. ಹುಣಸೆ ಬೀಜ ಅಂದರೆ ಸಾಮಾನ್ಯ ಕೋಶ, ಗುಲಗಂಜಿ ಅಂದರೆ ಮ್ಯುಟೇಶನ್ ಆದ, ಅಂದರೆ ಜೀನ್ ಬದಲಾದ ಕೋಶ. ಲೋಟದಲ್ಲಿ 1ರಿಂದ 14ರವರೆಗೆ ಬರೆದ ಚೀಟಿಗಳು. ಒಂದು ಚೀಟಿ ಎತ್ತಬೇಕು, ಆ ಗುಳಿಯ ಕೋಶ ಎರಡಾಗುತ್ತದೆ. ಚೀಟಿ ವಾಪಸ್ ಹಾಕಿ ಇನ್ನೊಂದು ಎತ್ತಬೇಕು, ಆ ಗುಳಿಯ ಕೋಶ ಸಾಯುತ್ತದೆ, ಹೊಸದು ಅಲ್ಲಿಗೆ ಬಂದು ಕೂರುತ್ತದೆ. ಒಟ್ಟು ಸಂಖ್ಯೆ ಯಾವತ್ತೂ ಹದಿನಾಲ್ಕೇ. ಇದನ್ನು 1958ರಲ್ಲಿ ಪ್ಯಾಟ್ರಿಕ್ ಮೋರಾನ್ ಅನ್ನುವ ಆಸ್ಟ್ರೇಲಿಯಾದ ಗಣಿತಜ್ಞ ಬರೆದಿಟ್ಟರು. ಅವರ ಹೆಸರಿನಲ್ಲೇ ಮೋರಾನ್ ಮಾಡೆಲ್ ಅನ್ನುತ್ತಾರೆ.

ಎತ್ತುತ್ತಾ ಹೋದೆವು. ನಮ್ಮ ಗುಲಗಂಜಿ ಏಳನೇ ಸಲಕ್ಕೇ ಸತ್ತಿತು. ಪಕ್ಕದ ಜೋಡಿಯದು ಮೂರಾಗಿ, ಎರಡಾಗಿ, ಹೋಯಿತು. ಒಂದು ಜೋಡಿ ಮಾತ್ರ ಎತ್ತುತ್ತಲೇ ಇತ್ತು. ಕಾಫಿ ಬಂತು, ಆರಿತು, ಅವರದು ಮುಗಿಯಲಿಲ್ಲ. ಕೊನೆಗೆ ಹದಿನಾಲ್ಕೂ ಗುಳಿ ಕೆಂಪಾದವು. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ಕೆಂಪು ಕೋಶಕ್ಕೆ ವಿಶೇಷ ಬಲ ಏನೂ ಇಲ್ಲದಿದ್ದರೆ ಅದು ಪೂರ್ತಿ ಗೆಲ್ಲುವ ಸಾಧ್ಯತೆ 14ರಲ್ಲಿ 1. ಆಮೇಲೆ ನಮ್ಮನ್ನೇ ಕೇಳಿದರು, ಅದು ಉಳಿದವಕ್ಕಿಂತ ಶೇಕಡ 10ರಷ್ಟು ಜಾಸ್ತಿ ವೇಗವಾಗಿ ಎರಡಾದರೆ ಎಷ್ಟು? ಸಾಧ್ಯತೆ ದುಪ್ಪಟ್ಟೂ ಆಗುವುದಿಲ್ಲ. ಸುಮಾರು ಶೇಕಡ 12. ಅಂದರೆ ಕ್ಯಾನ್ಸರ್ ಕಡೆಗೆ ಹೆಜ್ಜೆ ಇಟ್ಟ ಬಲವಾದ ಕೋಶವೂ ನೂರಕ್ಕೆ ಎಂಬತ್ತೇಳು ಸಲಕ್ಕೂ ಜಾಸ್ತಿ ಸುಮ್ನೆ ಅಳಿದು ಹೋಗುತ್ತದೆ. ನಮ್ಮ ಮೈಯೊಳಗೆ ಇಂಥದ್ದು ಎಷ್ಟು ಸಲ ಹುಟ್ಟಿ ಎಷ್ಟು ಸಲ ಹೋಗಿದೆಯೋ.

ಇಲ್ಲಿ ಸೊಸೆಯವರ ಪಾಲು ಬಂತು. ಮೈಕ್ರೋಸ್ಕೋಪಿನಲ್ಲಿ ದೊಡ್ಡ ಕರುಳಿನ ಒಳಗೋಡೆ ತೋರಿಸಿದರು. ಅಲ್ಲೂ ಗುಳಿಗಳೇ! ಸಾಲಾಗಿ ಜೋಡಿಸಿದ ಟೆಸ್ಟ್ ಟ್ಯೂಬಿನ ಹಾಗೆ. ಒಂದೊಂದು ಗುಳಿಯ ತಳದಲ್ಲಿ ಕೆಲವೇ ಮೂಲಕೋಶಗಳು (ಗುಳಿಯ ಉಳಿದ ಕೋಶಗಳಿಗೆ ತಾಯಿಯಂಥವು), ಅವುಗಳ ನಡುವೆ ಇದೇ ಆಟ, ದಿನಾ. ಮಣೆ ಬರೀ ಉಪಮೆ ಅಂದುಕೊಂಡಿದ್ದೆ. ಅಪ್ಪನ ಕಾಯಿಲೆ ಶುರುವಾದ ಜಾಗದ ನಕ್ಷೆಯೇ ಅದಾಗಿತ್ತು. ಎರಡನೇ ಸ್ಲೈಡು ಕರುಳಿನ ಗೋಡೆಯ ಮೇಲೆ ಬೆಳೆಯುವ ಗಂಟು, ಅಂದರೆ ಪಾಲಿಪ್‌ನದು. ಗುಳಿಗಳು ಸೊಟ್ಟ, ಒತ್ತೊತ್ತು. ನಾನು ಸ್ವಲ್ಪ ಹೊತ್ತು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ಹಿಂದಿದ್ದವರು ಅವಸರ ಮಾಡಲಿಲ್ಲ, ಅವರಿಗೆ ಋಣಿ.

ಒಂದು ಮಾತು: ಗುಲಗಂಜಿ ವಿಷ. ತರಗತಿಗೆ ಒಬ್ಬರು ನಾಲ್ಕು ವರ್ಷದ ಮಗುವನ್ನೂ ಕರೆತಂದಿದ್ದರು. ಕೆಂಪು ಮಣಿ ಇಟ್ಟರೆ ಸಾಕಲ್ವಾ? ಮೇಷ್ಟ್ರಿಗೆ ಹೇಳಿದೆ. ಮುಂದಿನ ವಾರವೇ ಬದಲಾಯಿಸಿದ್ದರು.

ಎರಡನೇ ಭಾನುವಾರ ನನ್ನದು. ಹಾಗನ್ನಬಹುದು. ಅವತ್ತಿನ ಮೂರು ಗಂಟೆಗೆ 800 ರೂಪಾಯಿ ಅಲ್ಲ, ಎಂಟು ಸಾವಿರ ಕೊಟ್ಟರೂ ನನಗೆ ಬೇಸರವಿರಲಿಲ್ಲ.

ಅವತ್ತು ಮಣೆ ಇಲ್ಲ. ಪ್ರತಿ ಜೋಡಿಗೂ ಎರಡು ದಾಳ, ಒಂದು ದೊಡ್ಡ ಹಾಳೆ, ಒಂದು ಬಟ್ಟಲು ರಾಗಿ, ಸ್ವಲ್ಪ ಕೆಂಪು ಮಣಿ. ಒಂದು ಕಾಳಿನಿಂದ ಶುರು. ಒಂದು ಎರಡಾಗಬೇಕು, ಎರಡು ನಾಲ್ಕಾಗಬೇಕು, ಹೀಗೆ ಆರು ಸುತ್ತು, ಒಟ್ಟು 64. ಪ್ರತಿ ಕಾಳು ಎರಡಾಗುವಾಗಲೂ ದಾಳ ಎಸೆಯಬೇಕು. ಎರಡೂ ಆರು ಬಿದ್ದರೆ ಹುಟ್ಟಿದ ಎರಡರಲ್ಲಿ ಒಂದನ್ನು ತೆಗೆದು ಕೆಂಪು ಮಣಿ ಇಡಬೇಕು. ಮುಂದೆ ಕೆಂಪಿನ ಮಕ್ಕಳೆಲ್ಲ ಕೆಂಪೇ. ಕೆಂಪು ಅಂದರೆ ಇನ್ನೂ ಕೊಟ್ಟೇ ಇಲ್ಲದ ಔಷಧಿಗೆ ಬಗ್ಗದ ಕೋಶ.

ಕೊನೆಯಲ್ಲಿ ಎಂಟು ಜೋಡಿಯ ಕೆಂಪು ಲೆಕ್ಕ ಬೋರ್ಡಿಗೆ ಬಂತು: 1, 0, 3, 2, 0, 5, 1, 17. ಹದಿನೇಳು ಬಂದದ್ದು ಕಿಟಕಿ ಪಕ್ಕದ ಜೋಡಿಗೆ. ಅವರಿಗೆ ಎರಡನೇ ಸುತ್ತಿನಲ್ಲೇ ಎರಡು ಆರು ಬಿದ್ದಿತ್ತು. ನಾಲ್ಕರಲ್ಲಿ ಒಂದು ಕೆಂಪಾದರೆ 64ರಲ್ಲಿ 16 ಕೆಂಪು. ಇನ್ನೊಂದು ಕೊನೆಯಲ್ಲಿ ಸೇರಿತು. ಎಲ್ಲರಿಗೂ ದಾಳ ಒಂದೇ, ನಿಯಮ ಒಂದೇ. ಆದರೂ ಒಬ್ಬರಿಗೆ ಸೊನ್ನೆ, ಒಬ್ಬರಿಗೆ ಹದಿನೇಳು. ಬೇಗ ಬಿತ್ತೋ, ತಡವಾಗಿ ಬಿತ್ತೋ, ಅಷ್ಟೇ ವ್ಯತ್ಯಾಸ.

ಆಗ ಮೇಷ್ಟ್ರು 1943ರ ಕಥೆ ತೆಗೆದರು. ಇಬ್ಬರು ವಿಜ್ಞಾನಿಗಳು, ಸಾಲ್ವಡಾರ್ ಲೂರಿಯಾ, ಮ್ಯಾಕ್ಸ್ ಡೆಲ್‌ಬ್ರೂಕ್. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ ಇದೆ. ಅದನ್ನು ಸುರಿದರೆ ಹೆಚ್ಚಿನ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲವು ಉಳಿಯುತ್ತವೆ. ಆ ಉಳಿದವು ವೈರಸ್ ತಾಗಿದ ಮೇಲೆ ಬದಲಾದವೋ, ಮೊದಲೇ ಬದಲಾಗಿ ಕೂತಿದ್ದವೋ? ಲೂರಿಯಾಗೆ ದಾರಿ ಹೊಳೆದದ್ದು ಇಂಡಿಯಾನಾ ವಿಶ್ವವಿದ್ಯಾಲಯದ ಒಂದು ಪಾರ್ಟಿಯಲ್ಲಿ, ಸಹೋದ್ಯೋಗಿ ಜೂಜಿನ ಯಂತ್ರಕ್ಕೆ ಕಾಸು ಹಾಕುತ್ತಿದ್ದುದನ್ನು ನೋಡುವಾಗ. ಹೆಚ್ಚಿನ ಸಲ ಏನೂ ಬರುವುದಿಲ್ಲ, ಅಪರೂಪಕ್ಕೆ ರಾಶಿ ಬೀಳುತ್ತದೆ. ವೈರಸ್ಸೇ ಬದಲಾವಣೆ ತಂದಿದ್ದರೆ ಬೇರೆ ಬೇರೆ ಟ್ಯೂಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದಲ್ಲಿ ಉಳಿದವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಇರಬೇಕು. ಮೊದಲೇ ಆಗಿದ್ದರೆ ನಮ್ಮ ಬೋರ್ಡಿನ ಹಾಗೆ ಸೊನ್ನೆ, ಒಂದು, ಎರಡು, ಇದ್ದಕ್ಕಿದ್ದಂತೆ ಹದಿನೇಳು. ಅವರಿಗೆ ಸಿಕ್ಕಿದ್ದು ಎರಡನೆಯದು. ವೈರಸ್ ಸುರಿಯುವ ಮೊದಲೇ ಅವು ಅಲ್ಲಿದ್ದವು. 1969ರ ನೊಬೆಲ್ ಇಬ್ಬರಿಗೂ ಬಂತು, ಆಲ್‌ಫ್ರೆಡ್ ಹರ್ಷಿ ಜೊತೆ ಹಂಚಿಕೊಂಡು.

ಬ್ಯಾಕ್ಟೀರಿಯಾದ ಈ ಯೋಚನೆ ಗಡ್ಡೆಗೂ ಹೊಂದುತ್ತದೆ. ಗಡ್ಡೆ ಅಂದರೆ ಒಂದೇ ಕೋಶದ ಮಕ್ಕಳು ಮೊಮ್ಮಕ್ಕಳು ಬದಲಾಗುತ್ತಾ, ಬಲವಾದವು ಆಯ್ಕೆಯಾಗುತ್ತಾ ಬೆಳೆದ ವಂಶ ಅಂತ 1976ರಲ್ಲಿ ಕ್ಯಾನ್ಸರ್ ಸಂಶೋಧಕ ಪೀಟರ್ ನೋವೆಲ್ ಬರೆದರು. ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ ನೂರು ಕೋಟಿ ಕೋಶ ಅನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಒಂದು ಕೋಶ ಮೂವತ್ತು ಸಲ ದುಪ್ಪಟ್ಟಾದರೆ 107,37,41,824. ಚದುರಂಗದ ಮನೆಗೊಂದೊಂದು ಕಾಳು ದುಪ್ಪಟ್ಟು ಮಾಡುವ ಕಥೆ ಗೊತ್ತಲ್ಲ, ಮುಮ್ಮಡಿ ಕೃಷ್ಣರಾಜ ಒಡೆಯರ ಊರಿನಲ್ಲಿ ಚದುರಂಗದ ಕಥೆ ಯಾರಿಗೆ ಗೊತ್ತಿಲ್ಲ. ಅದರಲ್ಲಿ ಅರ್ಧ ಹಲಗೆಯೂ ಮುಗಿದಿರುವುದಿಲ್ಲ, ಗಡ್ಡೆ ಕೈಗೆ ಸಿಗುವಷ್ಟಾಗಿರುತ್ತದೆ.

ನಾನು ಕೈ ಎತ್ತಿ ಅಪ್ಪನ ವಿಷಯ ಕೇಳಿದೆ. ಹುರುಳಿಯ ಮಾತನ್ನೂ ಹೇಳಿದೆ. ಮೇಷ್ಟ್ರು ತಕ್ಷಣ ಉತ್ತರ ಕೊಡಲಿಲ್ಲ. ಚಾಕ್‌ಪೀಸ್ ಕೆಳಗಿಟ್ಟರು. "ನೋಡಮ್ಮ, ನಿಮ್ಮ ತಂದೆಯವರ ಗಡ್ಡೆಯಲ್ಲಿ ಹೀಗೇ ಆಯಿತು ಅಂತ ನಾನು ಹೇಳಲಾರೆ. ಅದಕ್ಕೆ ಆ ಗಡ್ಡೆಯ ಜೀನ್‌ಗಳನ್ನೇ ಓದಿರಬೇಕು. ಆದರೆ ಲೆಕ್ಕ ನೀವೇ ಮಾಡಿ. ಹತ್ತು ಕೋಟಿ ಸಲ ಕೋಶ ಎರಡಾದರೆ ಒಂದು ಸಲ ಔಷಧಿಗೆ ಬಗ್ಗದ ಮ್ಯುಟೇಶನ್ ಆಗುತ್ತೆ ಅಂತ ಇಟ್ಟುಕೊಳ್ಳಿ. ಆಮೇಲೆ ನನಗೆ ಹೇಳಿ."

ವಾಪಸ್ ರೈಲಿನಲ್ಲಿ ಟಿಕೆಟಿನ ಹಿಂಭಾಗದಲ್ಲಿ ಮಾಡಿದೆ. 107 ಕೋಟಿ ಕೋಶವಾಗಲು ಸುಮಾರು 107 ಕೋಟಿ ಸಲ ಎರಡಾಗಬೇಕು. ಹತ್ತು ಕೋಟಿಗೆ ಒಂದರಂತೆ ಹತ್ತಕ್ಕೂ ಜಾಸ್ತಿ ಸಲ ಬಗ್ಗದ ಕೋಶ ಹುಟ್ಟಬೇಕು. ಒಂದೂ ಹುಟ್ಟದೆ ಇರುವ ಸಾಧ್ಯತೆ? ಲಕ್ಷಕ್ಕೆ ಎರಡು ಮೂರು. ಶ್ರೀರಂಗಪಟ್ಟಣದ ಸೇತುವೆ ಮೇಲೆ ರೈಲು ಹೋಗುತ್ತಿತ್ತು. ಕಾವೇರಿ ಕಡೆ ನೋಡುತ್ತಾ ಕೂತೆ. ಹತ್ತು ಕೋಟಿ ಅನ್ನುವುದು ಮೇಷ್ಟ್ರು ಲೆಕ್ಕಕ್ಕೆ ಕೊಟ್ಟ ಅಂಕಿ, ಅಪ್ಪನ ಗಡ್ಡೆಯದಲ್ಲ. ಆದರೆ ನೂರು ಕೋಟಿಗೊಂದು ಅಂದರೂ ಒಂದೂ ಇಲ್ಲದಿರುವುದಕ್ಕಿಂತ ಇರುವುದೇ ಜಾಸ್ತಿ ಸಾಧ್ಯ. ಈ ಲೆಕ್ಕದಲ್ಲಿ ಹುರುಳಿಗೆ ಎಲ್ಲೂ ಜಾಗವಿಲ್ಲ. ಮದ್ದೂರು ಕಡೆಯ ಒಬ್ಬರು ಎದುರು ಕೂತಿದ್ದರು, ನೀರಿನ ಬಾಟಲಿ ಕೊಟ್ಟರು. ಅತ್ತದ್ದು ನನಗೆ ಆಗಲೇ ಗೊತ್ತಾದದ್ದು.

ಇನ್ನೊಂದು ಸೂಕ್ಷ್ಮವೂ ಇದೆ, ಗಣಿತದವರಿಗೆ ಇಷ್ಟವಾಗುತ್ತದೆ. ಗಡ್ಡೆಯಲ್ಲಿ ಕೋಶಗಳು ಹುಟ್ಟುವುದಷ್ಟೇ ಅಲ್ಲ, ಸಾಯುತ್ತಲೂ ಇರುತ್ತವೆ. ನಾಲ್ಕು ಹುಟ್ಟಿಗೆ ಮೂರು ಸಾವು ಅಂತಿಟ್ಟುಕೊಳ್ಳಿ. ಒಂದು ಹೊಸ ಕೋಶದ ವಂಶ ಉಳಿಯುವ ಸಾಧ್ಯತೆ ಕಾಲು ಭಾಗ ಮಾತ್ರ. ಹಾಗಾದರೆ ಬಗ್ಗದ ಕೋಶ ಕಡಿಮೆಯಾಗಬೇಕಲ್ವಾ? ಇಲ್ಲ. ಅಷ್ಟೇ ದೊಡ್ಡ ಗಡ್ಡೆಯಾಗಲು ಕೋಶಗಳು ನಾಲ್ಕರಷ್ಟು ಸಲ ಎರಡಾಗಬೇಕು, ಮ್ಯುಟೇಶನ್ ಅವಕಾಶವೂ ನಾಲ್ಕರಷ್ಟು. ಉಳಿಯುವುದು ಕಾಲು ಭಾಗ, ಅವಕಾಶ ನಾಲ್ಕರಷ್ಟು, ಅಲ್ಲಿಗೆ ಸರಿಹೋಯಿತು. ಅದರ ಮೇಲೆ, ಮೊನ್ನೆ ಮೊನ್ನೆ ಹುಟ್ಟಿ ಇನ್ನೂ ಸಾಯಲು ಪುರಸೊತ್ತು ಸಿಗದವೂ ಸೇರಿಕೊಳ್ಳುತ್ತವೆ. ಆದ್ದರಿಂದ ನಿಧಾನವಾಗಿ, ಸಾಯುತ್ತಾ ಹುಟ್ಟುತ್ತಾ ಬೆಳೆದ ಗಡ್ಡೆಯಲ್ಲಿ ವೈವಿಧ್ಯ ಇನ್ನೂ ಜಾಸ್ತಿ. ಇದನ್ನು ಮೇಷ್ಟ್ರು ಐದು ನಿಮಿಷದಲ್ಲಿ ದಾಟಿಸಿದರು. ಇನ್ನಷ್ಟು ಹೊತ್ತು ಬೇಕಿತ್ತು.

ಮೂರನೇ ವಾರ ಅಳತೆಯ ವಾರ. ವೈವಿಧ್ಯ ಅಂದರೆ ಎಷ್ಟು ಬಗೆ ಅಂತ ಎಣಿಸಿದರೆ ಸಾಲದು. ಎರಡು ಚೀಲ ತಂದಿದ್ದರು, ಎರಡರಲ್ಲೂ ನಾಲ್ಕು ಬಗೆಯ ನೂರು ಕಾಳು. ಒಂದರಲ್ಲಿ ಇಪ್ಪತ್ತೈದಿಪ್ಪತ್ತೈದು. ಇನ್ನೊಂದರಲ್ಲಿ 97 ಅವರೆ, ಉಳಿದವು ಒಂದೊಂದು. ಕಣ್ಣುಮುಚ್ಚಿ ಒಂದು ಕಾಳು ಎತ್ತಿ, ವಾಪಸ್ ಹಾಕಿ, ಮತ್ತೊಂದು ಎತ್ತಿ. ಎರಡೂ ಒಂದೇ ಬಗೆಯಾಗಿರುವ ಸಾಧ್ಯತೆ ಮೊದಲ ಚೀಲದಲ್ಲಿ ಕಾಲು, ಎರಡನೆಯದರಲ್ಲಿ ಶೇಕಡ 94. ಇದೇ ಸಿಂಪ್ಸನ್ ಸೂಚ್ಯಂಕ, 1949ರದು. ಪರಿಸರದವರು ಕಾಡಿನ ಗಿಡ ಎಣಿಸಲು ಬಳಸುವ ಅಳತೆಯೇ ಗಡ್ಡೆಗೂ ಬಂದಿದೆ. ಮಂಡ್ಯದವಳಾದ ನನಗೆ ನೆನಪಾದದ್ದು ಕಿರುಗಾವಲು. ಅಲ್ಲಿ ನೂರಾರು ತಳಿಯ ಭತ್ತ ಉಳಿಸಿಕೊಂಡಿದ್ದಾರೆ. ಒಂದು ರೋಗ ಬಂದರೆ ಒಂದು ತಳಿ ಹೋಗುತ್ತದೆ, ಇನ್ನೊಂದು ನಿಲ್ಲುತ್ತದೆ. ಗದ್ದೆಯಲ್ಲಿ ನಾವು ಬಯಸುವ ಗುಣವೇ ಗಡ್ಡೆಯಲ್ಲಿ ನಮಗೆ ಶತ್ರು.

ಈ ಅಳತೆ ಸುಮ್ನೆ ಕಾಗದದ ಮೇಲಿನದಲ್ಲ. ಹೊಟ್ಟೆಯ ಆಮ್ಲ ಪದೇ ಪದೇ ಮೇಲೆ ಬಂದು ಅನ್ನನಾಳದ ಒಳಪದರ ಬದಲಾಗುವ ಸ್ಥಿತಿಗೆ ಬ್ಯಾರೆಟ್ ಅನ್ನುತ್ತಾರೆ. ಅಂಥ 268 ಜನರನ್ನು ಗಮನಿಸಿದ ಅಧ್ಯಯನವನ್ನು ಕಾರ್ಲೋ ಮೇಲಿ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದರು. ಯಾರ ಒಳಪದರದಲ್ಲಿ ಕೋಶಗಳ ವೈವಿಧ್ಯ ಜಾಸ್ತಿಯೋ ಅವರಿಗೆ ಮುಂದೆ ಕ್ಯಾನ್ಸರ್ ಆಗುವ ಅಪಾಯವೂ ಜಾಸ್ತಿ ಇತ್ತು. ಕ್ಯಾನ್ಸರ್ ಆಗುವ ಮೊದಲೇ! ಇದರ ಎದುರಿಗೆ ಸೊಸೆಯವರು ಇನ್ನೊಂದು ಇಟ್ಟರು. 2015ರಲ್ಲಿ ಆರೋಗ್ಯವಾಗಿದ್ದ ಕಣ್ಣುರೆಪ್ಪೆಯ ಚರ್ಮ ಪರೀಕ್ಷಿಸಿದಾಗ ಕ್ಯಾನ್ಸರ್‌ಗೆ ಸಂಬಂಧಪಟ್ಟ ಮ್ಯುಟೇಶನ್‌ಗಳು ಅಲ್ಲೂ ಧಾರಾಳವಾಗಿ ಕಂಡವು. ಮ್ಯುಟೇಶನ್ ಇದ್ದ ಮಾತ್ರಕ್ಕೆ ರೋಗವಲ್ಲ. ಹಾಗಂತ ಅವರು ಎರಡು ಸಲ ಒತ್ತಿ ಹೇಳಿದ್ದು ನನಗೆ ಹಿಡಿಸಿತು. ಇಂಥ ತರಗತಿಯಿಂದ ಜನ ಹೆದರಿಕೊಂಡು ಮನೆಗೆ ಹೋಗಬಾರದು.

ಬಯಾಪ್ಸಿ ಬಗ್ಗೆಯೂ ಅವತ್ತೇ ಹೇಳಿದರು. 2012ರಲ್ಲಿ ಲಂಡನ್ನಿನ ತಂಡವೊಂದು ಮೂತ್ರಪಿಂಡದ ಒಂದೇ ಗಡ್ಡೆಯಿಂದ ಹಲವು ತುಂಡು ತೆಗೆದು ಅವುಗಳ ಜೀನ್‌ಗಳನ್ನು ಬೇರೆ ಬೇರೆಯಾಗಿ ಓದಿತು. ಮ್ಯುಟೇಶನ್‌ಗಳಲ್ಲಿ ಸುಮಾರು ಮೂರನೇ ಎರಡು ಭಾಗ ಎಲ್ಲ ತುಂಡಿನಲ್ಲೂ ಸಿಗಲಿಲ್ಲ. ಒಂದು ಸೂಜಿ ತೆಗೆದ ಚೂರು ಇಡೀ ಗಡ್ಡೆಯ ಮಾತಾಡುವುದಿಲ್ಲ.

ಈಗ ತಕರಾರು. ನಾಲ್ಕನೇ ಭಾನುವಾರ ಸೋತಿತು. 2016ರ ಒಂದು ಸುಂದರ ಫಲಿತಾಂಶವನ್ನು ಮೇಷ್ಟ್ರು ಕೊನೆಯ ನಲವತ್ತು ನಿಮಿಷಕ್ಕೆ ತುರುಕಿದರು. ಯೋಚನೆ ಸರಳ. ಗಡ್ಡೆ ಬೆಳೆಯುವಾಗ ಯಾವ ಕೋಶಕ್ಕೂ ಹೆಚ್ಚಿನ ಬಲ ಇಲ್ಲ ಅಂತಿಟ್ಟುಕೊಳ್ಳಿ. ಕೋಶ ಎರಡಿದ್ದಾಗ ಬಂದ ಮ್ಯುಟೇಶನ್ ಅರ್ಧ ಗಡ್ಡೆಯಲ್ಲಿ ಇರುತ್ತದೆ, ನಾಲ್ಕಿದ್ದಾಗ ಬಂದದ್ದು ಕಾಲು ಭಾಗದಲ್ಲಿ, ಎಂಟಿದ್ದಾಗ ಬಂದದ್ದು ಎಂಟನೇ ಒಂದರಲ್ಲಿ. ತಡವಾದಷ್ಟೂ ಕೋಶ ಜಾಸ್ತಿ, ಹೊಸ ಮ್ಯುಟೇಶನ್ ಜಾಸ್ತಿ, ಒಂದೊಂದರ ಪಾಲು ಕಡಿಮೆ. ಆದ್ದರಿಂದ ಪಾಲನ್ನು ತಲೆಕೆಳಗು ಮಾಡಿ ಒಂದು ಅಕ್ಷದಲ್ಲಿ, ಅಷ್ಟಕ್ಕಿಂತ ಹೆಚ್ಚು ಪಾಲಿನ ಮ್ಯುಟೇಶನ್ ಎಷ್ಟಿವೆ ಅನ್ನುವುದನ್ನು ಇನ್ನೊಂದರಲ್ಲಿ ಇಟ್ಟರೆ ಸರಳ ರೇಖೆ ಬರುತ್ತದೆ. ಟ್ರೆವರ್ ಗ್ರಹಾಂ, ಆಂಡ್ರಿಯಾ ಸೊಟ್ಟೊರಿವಾ ತಂಡ ಎಷ್ಟೋ ಗಡ್ಡೆಗಳ ಅಂಕಿಅಂಶದಲ್ಲಿ ಆ ರೇಖೆ ಕಂಡಿತು. ನನ್ನ ಮಕ್ಕಳು ಗ್ರಾಫ್ ಹಾಳೆಯಲ್ಲೇ ಹಾಕಬಹುದಾದ ಲೆಕ್ಕ. ಇದಕ್ಕೆ ಇಡೀ ಭಾನುವಾರ ಬೇಕಿತ್ತು. ಇನ್ನೂ ಮುಖ್ಯವಾದ ದೂರು: ರೇಖೆ ಬಂದ ಮಾತ್ರಕ್ಕೆ ಆಯ್ಕೆ ನಡೆದಿಲ್ಲ ಅಂತ ಹೇಳಲಾಗದು, ಕೆಲವು ಕೋಶ ಬಲವಾಗಿದ್ದರೂ ಹೆಚ್ಚುಕಡಿಮೆ ಅಂಥದ್ದೇ ಗ್ರಾಫ್ ಬರಬಹುದು ಅನ್ನುವ ಆಕ್ಷೇಪಣೆ ಆಮೇಲೆ ಬಂದಿದೆ. ಅದನ್ನು ಮೇಷ್ಟ್ರು ನಾನು ಕೇಳಿದ ಮೇಲೆ ಹೇಳಿದರು, ಒಂದೇ ಸಾಲಿನಲ್ಲಿ. ಮೊದಲೇ ಹೇಳಬೇಕಿತ್ತು.

ಟಿಪ್ಪಣಿ ಹಾಳೆಗಳು ಪೂರ್ತಿ ಇಂಗ್ಲಿಷ್. ಮಾತೆಲ್ಲ ಚೆಂದದ ಕನ್ನಡ, ಕೈಗೆ ಕೊಡುವುದು ಇಂಗ್ಲಿಷ್, ಇದು ಸರಿಯಲ್ಲ. ನಂಜನಗೂಡಿನಿಂದ ಬರುತ್ತಿದ್ದ ಒಬ್ಬ ಆಶಾ ಕಾರ್ಯಕರ್ತೆ ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದರು, ಮನೆಗೆ ಹೋಗಿ ಓದಲು ಅವರಿಗೆ ಏನೂ ಇರಲಿಲ್ಲ. ನಾನು ಎರಡನೇ ವಾರದ ಹಾಳೆಯನ್ನು ಕನ್ನಡಕ್ಕೆ ಬರೆದುಕೊಟ್ಟಿದ್ದೇನೆ. ಉಳಿದ ಮೂರನ್ನೂ ಮಾಡಿಕೊಡುತ್ತೇನೆ ಅಂತ ಮೇಷ್ಟ್ರಿಗೆ ಹೇಳಿದ್ದೇನೆ. ಮಹಡಿ ಮೆಟ್ಟಿಲು ಕಡಿದು, ಮಂಡಿನೋವಿದ್ದವರಿಗೆ ಕಷ್ಟ. ತಿಂಡಿ ಚೆನ್ನಾಗಿತ್ತು, ಮೂರನೇ ವಾರದ ಅವರೆಕಾಳು ಉಪ್ಪಿಟ್ಟು ಬಹಳ ಚೆನ್ನಾಗಿತ್ತು.

ಹೋಗಬೇಕೇ? ಲೆಕ್ಕ ಅಂದರೆ ಹೆದರದ ಯಾರಾದರೂ ಹೋಗಬಹುದು, ಗುಣಾಕಾರ ಭಾಗಾಕಾರ ಬಂದರೆ ಮೊದಲ ಎರಡು ವಾರಕ್ಕೆ ಸಾಕು. ಚಿಕಿತ್ಸೆಯ ಸಲಹೆ ಬೇಕು ಅಂತ ಹೋಗಬೇಡಿ. ಅದನ್ನು ಅವರು ಕೊಡುವುದಿಲ್ಲ, ಮೊದಲ ದಿನವೇ ಹೇಳುತ್ತಾರೆ. ಮನೆಯಲ್ಲಿ ಈಗಲೇ ಯಾರಿಗಾದರೂ ಚಿಕಿತ್ಸೆ ನಡೆಯುತ್ತಿದ್ದರೆ ಎರಡನೇ ವಾರ ಮನಸ್ಸಿಗೆ ಭಾರವಾಗಬಹುದು, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ತರಗತಿ ಮುಗಿದ ಮಾರನೇ ದಿನ ರಾತ್ರಿ ಅಡುಗೆಮನೆಯಲ್ಲಿ ನ್ಯೂಸ್‌ಪೇಪರ್ ಹಾಸಿ ಅವ್ವನ ಮುಂದೆ ರಾಗಿ, ಎರಡು ದಾಳ, ನನ್ನ ಹಳೇ ಸರದ ಕೆಂಪು ಮಣಿ ಇಟ್ಟೆ. ದಾಳ ಅವಳೇ ಎಸೆದಳು. ಮೂರನೇ ಸುತ್ತಿನಲ್ಲಿ ಎರಡು ಆರು ಬಿತ್ತು. 64 ಆಗುವಷ್ಟರಲ್ಲಿ ಎಂಟು ಕೆಂಪು. ಅವಳು ಎರಡು ಸಲ ಎಣಿಸಿದಳು. ಆಮೇಲೆ ನಾನು ರಾಗಿ ಕಾಳನ್ನೆಲ್ಲ ಅಂಗೈಯಿಂದ ಸವರಿ ತೆಗೆದೆ. ಇದು ಕೀಮೋ ಅಂದೆ. ಎಂಟು ಮಣಿ ಪೇಪರ್ ಮೇಲೆ ಉಳಿದವು.

"ಅಂಗಾದ್ರೆ ಔಸ್ದಿ ಕೊಡೋಕ್ ಮದ್ಲೇ ಇದ್ವಾ ಇವು?"

"ಇದ್ದಿರಬೇಕು ಅವ್ವ. ಇಲ್ಲದೆ ಇರೋದೇ ಕಷ್ಟ."

ಅವಳು ಮಣಿಗಳನ್ನು ಒಂದೊಂದಾಗಿ ಎತ್ತಿ ನನ್ನ ಕೈಗೆ ಹಾಕಿದಳು. ಇನ್ನೊಂದು ಸಲ ಮಾಡೋಣ ಅಂದಳು. ಮಾಡಿದೆವು. ಆ ಸಲ ಎರಡೇ ಕೆಂಪು.

ಎರಡು ದಿನ ಬಿಟ್ಟು ಅತ್ತೆಗೆ ತಾನೇ ಫೋನ್ ಮಾಡಿದಳು, ಹಿತ್ತಲಿಗೆ ಹೋಗಿ. ಏನು ಮಾತಾಡಿದಳೋ ಪೂರ್ತಿ ಕೇಳಿಸಲಿಲ್ಲ. ದಾಳ ಅನ್ನುವ ಮಾತು ಮಾತ್ರ ಎರಡು ಮೂರು ಸಲ ಕೇಳಿಸಿತು.